153 ಯಾಕೆ ಎಲ್ಲವನ್ನೂ ಎಳೆದುಕೊಳ್ಳುತ್ತದೆ?

0 ಬಿಟ್ಟು 3ರಿಂದ ಭಾಗವಾಗುವ ಯಾವ ಪೂರ್ಣ ಸಂಖ್ಯೆ ಹಿಡಿದರೂ, ಅಂಕಿಗಳ ಘನ ಕೂಡಿಸುತ್ತಾ ಹೋದರೆ ಕೊನೆಗೆ 153 ಬರುವುದು ಕಾಕತಾಳೀಯವೇ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

12 ತಗೊಳ್ಳಿ: 1+8=9. ಮುಂದೆ 729, 1080, 513, 153. ಅಲ್ಲಿಗೆ ನಿಂತಿತು, ಯಾಕೆಂದರೆ 1+125+27 ಮತ್ತೆ 153.

ಒಂದು ಅಂಕಿಯನ್ನೂ ಅದರ ಘನವನ್ನೂ 3ರಿಂದ ಭಾಗಿಸಿದರೆ ಶೇಷ ಒಂದೇ. ಸಂಖ್ಯೆ 3ರಿಂದ ಭಾಗವಾದರೆ ಅದರ ಅಂಕಿಗಳ ಮೊತ್ತವೂ ಭಾಗವಾಗುತ್ತದೆ, ಹಾಗಾಗಿ ಘನಗಳ ಮೊತ್ತವೂ ಭಾಗವಾಗುತ್ತದೆ; ಈ ಗುಣ ಯಾವ ಹಂತದಲ್ಲೂ ತಪ್ಪುವುದಿಲ್ಲ. ಸಂಖ್ಯೆ ದೊಡ್ಡದಿದ್ದರೆ ಬೇಗ ಕುಗ್ಗುತ್ತದೆ: ಐದಂಕಿಯದಕ್ಕೆ ಮೊತ್ತ ಹೆಚ್ಚೆಂದರೆ 5×729, ಅಂದರೆ 3645. ಉಳಿದ ಚಿಕ್ಕವನ್ನು ಒಂದೊಂದಾಗಿ ಪರೀಕ್ಷಿಸಬೇಕು, ಅದೊಂದು ಬೇಜಾರಿನ ಕೆಲಸ. ಕಂಪ್ಯೂಟರ್‌ಗೆ ಬಿಡಿ.

ಹೀಗೆ ತನಗೆ ತಾನೇ ಮರಳುವ 370, 371, 407 ಕೂಡ ಇವೆ. ಆದರೆ ಅವು 3ರಿಂದ ಭಾಗವಾಗುವುದಿಲ್ಲ ಅಲ್ವಾ?

ಅಂದಹಾಗೆ, 1ರಿಂದ 17ರವರೆಗೆ ಕೂಡಿಸಿದರೂ 153 ಬರುತ್ತದೆ.