ಕ್ರೋಮ್ ಪ್ಲೇಟಿಂಗ್ ಕೆಲಸದವರಿಗೆ ಮೂಗಿನಿಂದ ರಕ್ತ ಬರೋದು ಬರೀ ಉಷ್ಣಕ್ಕಾ?

ಬಳ್ಳಾರಿಯಲ್ಲಿ ಟಿಪ್ಪರ್‌ಗಳ ಹೈಡ್ರಾಲಿಕ್ ರಾಡಿಗೆ ಕ್ರೋಮ್ ಹಾಕುವ ಶೆಡ್ಡಿನಲ್ಲಿರುವ ತಮ್ಮನಿಗೆ ಮೂಗಿನಲ್ಲಿ ರಕ್ತ, ಬೆರಳಿನ ಗೆಣ್ಣಲ್ಲಿ ಹುಣ್ಣು ಅಂತ ಬರೆದಿದ್ದೀರಿ. ನಮ್ಮೂರ ಬಿಸಿಲಿಗೆ ಮೂಗು ಒಡೆಯೋದು ಹೊಸದಲ್ಲ. ಆದರೆ ಎರಡೂ ಒಟ್ಟಿಗೆ ಬಂದಿವೆ ಅಂದರೆ ಮೊದಲು ಅನುಮಾನಿಸಬೇಕಾದ್ದು ತೊಟ್ಟಿಯಲ್ಲಿರುವ ಕ್ರೋಮಿಕ್ ಆಸಿಡ್ಡನ್ನು.

ಕರೆಂಟ್ ಹರಿಸಿದಾಗ ದ್ರಾವಣದಿಂದ ಗುಳ್ಳೆಗಳೆದ್ದು ಒಡೆಯುತ್ತವೆ, ಅವುಗಳ ಜೊತೆ ಮಂಜಿನಂಥ ಆಸಿಡ್ ಹನಿ ಹಾರುತ್ತದೆ. ಅದು ಮೂಗಿನ ನಡುಗೋಡೆಯನ್ನೇ ತಿಂದು ತೂತು ಮಾಡಬಲ್ಲದು. ಕೈಮೇಲಿನ ಹುಣ್ಣಿನ ಅಂಚು ಗಟ್ಟಿಯಾಗಿ ಎದ್ದಿರುತ್ತದೆ, ನಡುವೆ ಆಳ. ಹೆಚ್ಚಾಗಿ ನೋಯುವುದಿಲ್ಲ, ಅದಕ್ಕೇ ಯಾರೂ ತೋರಿಸಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಇದನ್ನು ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು. ಆ ಆಸಿಡ್ ಮಂಜನ್ನು ವರ್ಷಗಟ್ಟಲೆ ಉಸಿರಾಡಿದರೆ ಆಸ್ತಮಾ, ಶ್ವಾಸಕೋಶದ ಕ್ಯಾನ್ಸರ್‌ ಅಪಾಯವೂ ಇದೆ.

ಮುಖಕ್ಕೆ ಟವೆಲ್ ಕಟ್ಟಿದರೆ ಏನೂ ಸಾಲದು. ತೊಟ್ಟಿಯ ಅಂಚಿನಲ್ಲೇ ಗಾಳಿ ಹೀರುವ ಎಕ್ಸಾಸ್ಟ್ ಬೇಕು, ಇದನ್ನು ಮಾಲೀಕರೇ ಹಾಕಿಸಬೇಕು. ಉದ್ದನೆಯ ಪಿವಿಸಿ ಗ್ಲೌಸ್, ಕಣ್ಣಿಗೆ ಗಾಗಲ್ಸ್ ಇರಲಿ. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಕನಿಷ್ಠ 15 ನಿಮಿಷ ನಲ್ಲಿ ನೀರಿನಡಿ ತೊಳೆಯಿರಿ. ತೊಟ್ಟಿಯ ದ್ರಾವಣಕ್ಕೆ ಬೆರೆಸುವ ಕಡುಗೆಂಪು ಕ್ರೋಮಿಕ್ ಆಸಿಡ್ ಪುಡಿಗೆ ಥಿನ್ನರ್ ತಗುಲಿದರೆ ತಾನಾಗೇ ಬೆಂಕಿ ಹತ್ತಬಹುದು, ದೂರ ಇಡಿ.

ತಮ್ಮನನ್ನು ಈ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಕ್ರೋಮ್ ತೊಟ್ಟಿ ಕೆಲಸ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಉಷ್ಣದ ಔಷಧಿ ಕೊಟ್ಟು ಕಳಿಸಿಬಿಡುತ್ತಾರೆ.