ಅಮ್ಮ ಬಂದು ಹೋದರೆ ಹುಡುಗಿ ಮಂಕಾಗುತ್ತಾಳೆ

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಸಸ್ಯಾಹಾರಿಗಳು. ಕರಾವಳಿ ಕಡೆಯ ಒಂಬತ್ತು ವರ್ಷದ ಹುಡುಗಿ ಫಾಸ್ಟರ್ ಕೇರ್‌ನಲ್ಲಿ, ಅಂದರೆ ತಾತ್ಕಾಲಿಕ ಸಾಕುಪಾಲನೆಯಲ್ಲಿ, ನಮ್ಮಲ್ಲಿದ್ದಾಳೆ. ಹೋದ ಸಲ ನೋಡಲು ಬಂದ ಅವಳ ಅಮ್ಮ ಒಣ ಸಿಗಡಿ ತಂದಿದ್ದರು. ಅತ್ತೆ ಪೊಟ್ಟಣವನ್ನೇ ಎಸೆದರು. ಅಂದಿನಿಂದ ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ. ಅಮ್ಮ ಬಂದು ಹೋದಾಗಲೆಲ್ಲ ಮಂಕಾಗುತ್ತಾಳೆ. ಭೇಟಿ ನಿಲ್ಲಿಸಿ ಅಂತ ಕೇಳಬಹುದಾ?

ಉತ್ತರ: ಕೇಳಬೇಡಿ. ಅಮ್ಮ ಹೊರಟಾಗ ಮಗು ಮಂಕಾಗದಿದ್ದರೆ ನನಗೆ ಜಾಸ್ತಿ ಚಿಂತೆಯಾಗುತ್ತಿತ್ತು. ಇದು ದತ್ತು ಅಲ್ಲ ಅಲ್ವಾ? ಅಮ್ಮನ ಪರಿಸ್ಥಿತಿ ಸರಿಹೋದರೆ ಅವಳು ಮನೆಗೆ ಮರಳಬೇಕಾದವಳು. 2015ರ ಬಾಲನ್ಯಾಯ ಕಾಯ್ದೆಯೂ ಹೆತ್ತವರು ಆಗಾಗ ಬಂದು ನೋಡಲು ಅವಕಾಶ ಇಟ್ಟಿದೆ. ಭೇಟಿಯಿಂದ ಮಗುವಿಗೆ ಒಳ್ಳೆಯದಾಗದು ಎಂದು ಮಕ್ಕಳ ಕಲ್ಯಾಣ ಸಮಿತಿಗೆ ಅನಿಸಿದರೆ ಮಾತ್ರ ತಡೆ. ಅತ್ತೆಗೆ ವಾಸನೆ ಆಗದು ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಆ ಪೊಟ್ಟಣದ ವಿಷಯ ಸ್ವಲ್ಪ ಕೇಳಿ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ. ಆ ದಿನಗಳಿಗೆಂದು ಕರಾವಳಿ ಮನೆಗಳಲ್ಲಿ ಬೇಸಿಗೆಯಲ್ಲೇ ಸಿಗಡಿ ಒಣಗಿಸಿಡುತ್ತಾರೆ. ಹುರಿದು, ಕಾಯಿತುರಿ, ಒಣಮೆಣಸು, ಹುಣಸೆಹಣ್ಣು ಸೇರಿಸಿ ಚಟ್ನಿ ಮಾಡಿದರೆ ಗಂಜಿಗೆ ಬೇರೇನೂ ಬೇಡ. ಕೈಯಲ್ಲಿ ಕಾಸಿಲ್ಲದ ಅಮ್ಮ ಮಗಳಿಗೆಂದು ಘಟ್ಟ ಹತ್ತಿಸಿ ತಂದದ್ದು ಅದನ್ನು. ಅದು ಮಗಳ ಕಣ್ಣೆದುರೇ ಹೊರಗೆ ಬಿತ್ತು.

ನಿಮ್ಮ ಅಡುಗೆಮನೆಯಲ್ಲಿ ಮೀನು ಬೇಯಿಸಿ ಅಂತ ನಾನು ಹೇಳುವುದಿಲ್ಲ. ಅತ್ತೆಯ ವಯಸ್ಸಿಗೆ ಅದು ಆಗದ ಮಾತು. ಆದರೆ ಎಸೆದದ್ದು ತಪ್ಪಾಯಿತು ಅಂತ ಹುಡುಗಿಗೆ ನೀವೇ ಹೇಳಿ. ಮುಂದಿನ ಭೇಟಿಯಲ್ಲಿ ಅವಳೆದುರೇ ಅಮ್ಮನಿಗೂ ಹೇಳಿ. ಅಧಿಕಾರಿಗಳನ್ನು ಕೇಳಿಕೊಂಡು ಅವತ್ತು ಇಬ್ಬರನ್ನೂ ಪೇಟೆಯಲ್ಲಿ ಮೀನೂಟಕ್ಕೆ ಕರೆದೊಯ್ಯಿರಿ. ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ತಿಂಗಳ 4,000 ರೂಪಾಯಿ ಇರುವುದೇ ಅವಳ ಖರ್ಚಿಗೆ.

ಇನ್ನೊಂದು. ಫಾಸ್ಟರ್ ಮನೆಗಳನ್ನು ಸಮಿತಿಯವರು ತಿಂಗಳಿಗೊಮ್ಮೆ ನೋಡಿಕೊಂಡು ಹೋಗಬೇಕೆಂದು ಕಾಯ್ದೆಯಲ್ಲೇ ಇದೆ. ಬಂದವರಿಗೆ ಚಹಾ ಕೊಟ್ಟು ‘ಎಲ್ಲ ಚೆನ್ನಾಗಿದೆ’ ಅಂತ ಕಳಿಸಬೇಡಿ. ಸಿಗಡಿ ಕಥೆಯನ್ನೂ ಹೇಳಿ. ಹುಡುಗಿ ಅವರ ಹತ್ತಿರ ಒಬ್ಬಳೇ ಮಾತಾಡಲಿ, ನೀವು ತೋಟದ ಕಡೆ ಹೋಗಿ ಬನ್ನಿ. ಊಟದ ವಿಷಯದಲ್ಲಿ ನಿಮ್ಮ ಮನೆಗೆ ಒಗ್ಗುವುದೇ ಇಲ್ಲ ಅನಿಸಿದರೆ ಅದನ್ನೂ ಈಗಲೇ ಬಾಯಿಬಿಟ್ಟು ಹೇಳಿ.

ಅವರು ಬರುವವರೆಗೆ ಕಾಯಬೇಕಿಲ್ಲ. ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಾಳೆಯೇ ಫೋನ್ ಮಾಡಿ, ಆಪ್ತಸಮಾಲೋಚಕರನ್ನು ಕೇಳಿ. ಅಷ್ಟರೊಳಗೆ ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ.