ಓದುಗರ ಪ್ರಶ್ನೆ: ವರದಿಗಾರ ಟೆರಿ ಪ್ರ್ಯಾಚೆಟ್

ಪ್ರಶ್ನೆ: ಇಂಗ್ಲೆಂಡಿನ ಫ್ಯಾಂಟಸಿ ಲೇಖಕ ಟೆರಿ ಪ್ರ್ಯಾಚೆಟ್ ಮೊದಲು ಪತ್ರಕರ್ತರಾಗಿದ್ದರಂತೆ. ಎಲ್ಲೆಲ್ಲಿ?

ಉತ್ತರ: ಲಂಡನ್ನಿನ ದೊಡ್ಡ ಪತ್ರಿಕೆಗಳಲ್ಲಲ್ಲ, ಪ್ರಾದೇಶಿಕ ಪತ್ರಿಕೆಗಳಲ್ಲಿ. 1965ರಲ್ಲಿ ಹದಿನೇಳನೇ ವಯಸ್ಸಿಗೆ ಶಾಲೆ ಬಿಟ್ಟು 'ಬಕ್ಸ್ ಫ್ರೀ ಪ್ರೆಸ್' ಸೇರಿದರು. ನಂತರ 'ವೆಸ್ಟರ್ನ್ ಡೈಲಿ ಪ್ರೆಸ್', ಮತ್ತೆ ಹಳೆಯ ಪತ್ರಿಕೆಗೇ ಉಪಸಂಪಾದಕರಾಗಿ, ಆಮೇಲೆ 'ಬಾತ್ ಕ್ರಾನಿಕಲ್'. ಸಂಭಾವನೆ ಸಿಕ್ಕ ಅವರ ಮೊದಲ ಕಥೆ ಅಚ್ಚಾದದ್ದು ಇದಕ್ಕೂ ಮುಂಚೆ, 1963ರಲ್ಲಿ. ಆ ಹಣದಲ್ಲಿ ಒಂದು ಹಳೆಯ ಟೈಪ್‌ರೈಟರ್ ಕೊಂಡರು.

ಕೆಲಸಕ್ಕೆ ಸೇರಿದ ವರ್ಷವೇ 'ಅಂಕಲ್ ಜಿಮ್' ಹೆಸರಿನಲ್ಲಿ ಮಕ್ಕಳ ಅಂಕಣಕ್ಕೆ ಕಥೆ ಬರೆಯತೊಡಗಿದರು. ಜಮಖಾನದ ಎಳೆಗಳ ನಡುವೆ ಬದುಕುವ ಪುಟಾಣಿ ಜನರ ಕಥೆ ಮೊದಲು ಬಂದದ್ದು ಅಲ್ಲೇ, ಕಂತುಗಳಲ್ಲಿ. 1968ರಲ್ಲಿ ಒಂದು ಪುಸ್ತಕದ ಸುದ್ದಿಗಾಗಿ ಪ್ರಕಾಶಕರನ್ನು ಸಂದರ್ಶಿಸಲು ಹೋದವರು, ಮಾತಿನ ನಡುವೆ ಆ ಪುಟಾಣಿ ಜನರ ಕಾದಂಬರಿಯ ಹಸ್ತಪ್ರತಿಯ ವಿಷಯ ಎತ್ತಿದರು. 1971ರಲ್ಲಿ ಕಾಲಿನ್ ಸ್ಮೈತ್ ಅದನ್ನು ಪ್ರಕಟಿಸಿದರು. ಮುಂದೆ ಅದೇ ಸ್ಮೈತ್ ಅವರ ಏಜೆಂಟ್ ಕೂಡ ಆದರು.

ಪ್ರಶ್ನೆ: ನಾನೂ ವರದಿಗಾರ. ಕಲ್ಪನೆಯ ಲೋಕದ ಕಥೆ ಬರೆಯಲು ಕೂತರೆ ಮೂರನೇ ಪುಟಕ್ಕೇ ಹೇಳುವುದೆಲ್ಲ ಮುಗಿದುಹೋಗುತ್ತದೆ. ಏಕೆ?

ಉತ್ತರ: ಸುದ್ದಿಯ ಅಭ್ಯಾಸವೇ ಕಾರಣ. ಪುಟದಲ್ಲಿ ಜಾಗ ಸಾಲದಿದ್ದರೆ ಉಪಸಂಪಾದಕರು ವರದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ. ಹಾಗಾಗಿ ಮುಖ್ಯವಾದದ್ದೆಲ್ಲ ಮೊದಲ ಪ್ಯಾರಾದಲ್ಲೇ ಬಂದುಬಿಡುತ್ತದೆ. ಕಥೆಯಲ್ಲೂ, ಉದಾಹರಣೆಗೆ ಕೆಟ್ಟುಹೋದ ಒಂದು ಯಂತ್ರದ ಕಥೆಯಲ್ಲಿ, ಅದನ್ನೇ ಮಾಡಿದರೆ ಯಂತ್ರ ಏನು, ಕಟ್ಟಿದವರು ಯಾರು, ಯಾಕೆ ಕೆಟ್ಟಿತು ಎಲ್ಲವೂ ಮೊದಲೇ ಗೊತ್ತಾಗಿ ಓದುಗ ಮುಂದಿನ ಪುಟ ತಿರುಗಿಸುವುದಿಲ್ಲ. ಮೊದಲ ಕರಡಿನ ಆರಂಭದ ಎರಡು ಪ್ಯಾರಾ ತೆಗೆದು ಓದಿ ನೋಡಿ. ಅಲ್ಲಿದ್ದ ಸಂಗತಿ ಪಾತ್ರಕ್ಕೆ ಎಲ್ಲಿ ಅಡ್ಡ ಬರುತ್ತದೋ ಅಲ್ಲೇ ಇಡಿ. ಯಾವ ಪಾತ್ರಕ್ಕೂ ಅಡ್ಡ ಬರದ ಸಂಗತಿ ಬೇಕಾಗಿಯೇ ಇಲ್ಲ.

ಆದರೆ ವರದಿಗಾರನ ಪ್ರಶ್ನೆಗಳನ್ನು ಬಿಡಬೇಡಿ. ನಿಮ್ಮ ಮಾಯಾನಗರಕ್ಕೆ ನೀರು ಎಲ್ಲಿಂದ ಬರುತ್ತದೆ? ಕಸ ಎತ್ತುವವರಿಗೆ ಸಂಬಳ ಕೊಡುವುದು ಯಾರು? ಪ್ರ್ಯಾಚೆಟ್ ಕಟ್ಟಿದ ಆಂಖ್-ಮಾರ್ಪಾರ್ಕ್ ನಗರದಲ್ಲಿ ಕಳ್ಳರಿಗೂ ಸಂಘವಿದೆ, ದೋಚಿಸಿಕೊಂಡವರಿಗೆ ರಸೀದಿ ಸಿಗುತ್ತದೆ. ನಗೆ ಬರುವುದು ನಿಜ, ಆದರೆ ಪುರಸಭೆಯ ಸಭೆಗಳಲ್ಲಿ ಕೂತು ಬೇಸತ್ತವರಿಗೆ ಹೊಳೆಯುವಂಥ ನಗೆ ಅದು. ಡ್ರ್ಯಾಗನ್ನಿನ ವರ್ಣನೆಗಿಂತ ಆ ರಸೀದಿಯೇ ಲೋಕವನ್ನು ನಂಬಿಸುತ್ತದೆ.

ಪ್ರಶ್ನೆ: ಅವರು ನೌಕರಿ ಬಿಟ್ಟದ್ದು ಯಾವಾಗ?

ಉತ್ತರ: ಅವಸರ ಮಾಡಲಿಲ್ಲ. ಪತ್ರಿಕೆ ಬಿಟ್ಟ ಮೇಲೂ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದರು. ಅಣುಸ್ಥಾವರಗಳ ಬಗ್ಗೆ ಪತ್ರಕರ್ತರಿಗೆ ಉತ್ತರಿಸುವ ಕೆಲಸ. ಅವರ ಪ್ರಸಿದ್ಧ ಫ್ಯಾಂಟಸಿ ಸರಣಿ ಡಿಸ್ಕ್‌ವರ್ಲ್ಡ್‌ನ ಮೊದಲ ಪುಸ್ತಕ ಬಂದದ್ದು 1983ರಲ್ಲಿ. ನೌಕರಿ ಬಿಟ್ಟದ್ದು ನಾಲ್ಕನೆಯದನ್ನು ಮುಗಿಸಿದ ಮೇಲೆ, 1987ರಲ್ಲಿ. ಅಷ್ಟರೊಳಗೆ ಮೊದಲ ಪುಸ್ತಕದ ಪೇಪರ್‌ಬ್ಯಾಕ್ ಬಂದಿತ್ತು, ಬಿಬಿಸಿ ರೇಡಿಯೋದಲ್ಲೂ ಧಾರಾವಾಹಿಯಾಗಿತ್ತು.

ನೌಕರಿಯಲ್ಲಿದ್ದಾಗ ಅವರ ಲೆಕ್ಕ ರಾತ್ರಿಗೆ 400 ಪದ. ಒಮ್ಮೆ ಕಾದಂಬರಿ ಮುಗಿದಾಗ ಆ ರಾತ್ರಿಯ ಪಾಲಿನಲ್ಲಿ ಇನ್ನೂ ನೂರು ಪದ ಉಳಿದಿತ್ತು. ಹೊಸ ಹಾಳೆ ಸಿಕ್ಕಿಸಿ ಮುಂದಿನ ಕಾದಂಬರಿ ಶುರುಮಾಡಿದರಂತೆ. ವರ್ಷಕ್ಕೆ 250 ರಾತ್ರಿ ಕೂತರೂ ಒಂದು ಲಕ್ಷ ಪದವಾಗುತ್ತದೆ, ಒಂದು ಕಾದಂಬರಿಗೆ ಧಾರಾಳ. ಭಾನುವಾರ ಒಟ್ಟಿಗೆ ಮೂರು ಸಾವಿರ ಬರೆಯುತ್ತೇನೆ ಎನ್ನುವವರು ಎಡವುವುದು, ಒಂದು ಭಾನುವಾರ ತಪ್ಪಿದರೆ ಹದಿನಾಲ್ಕು ದಿನ ಕಥೆಯಿಂದ ದೂರವಾಗುತ್ತಾರೆ ಎಂಬ ಕಾರಣಕ್ಕೆ.

ಪ್ರಶ್ನೆ: ಪತ್ರಿಕೆಗೆ ಬರೆದ ಕಥೆಯ ಹಕ್ಕು ಬ್ರಿಟನ್ನಿನಲ್ಲಿ ಯಾರದು?

ಉತ್ತರ: ಹಿಂದೆ 1956ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪತ್ರಿಕೆಯ ಸಿಬ್ಬಂದಿ ಬರೆದದ್ದನ್ನು ಪತ್ರಿಕೆಗಳಲ್ಲಿ ಅಚ್ಚುಹಾಕುವ ಹಕ್ಕು ಮಾಲೀಕರದಾಗಿತ್ತು, ಪುಸ್ತಕದಂಥ ಉಳಿದ ಹಕ್ಕು ಬರೆದವರದಾಗಿತ್ತು. 1988ರ ಕಾಯ್ದೆ 1989ರ ಆಗಸ್ಟ್‌ನಲ್ಲಿ ಜಾರಿಯಾದ ಮೇಲೆ, ಬೇರೆ ಒಪ್ಪಂದ ಇಲ್ಲದಿದ್ದರೆ ನೌಕರಿಯ ಭಾಗವಾಗಿ ಬರೆದದ್ದೆಲ್ಲ ಮಾಲೀಕರ ಪಾಲು. ಹಾಗಾಗಿ ಅಲ್ಲಿನ ಪತ್ರಿಕೆಯಲ್ಲಿ ಸಂಬಳಕ್ಕಿರುವವರು ಮಕ್ಕಳ ಪುಟಕ್ಕೆ ಕಥೆ ಕೊಡುವ ಮುನ್ನ ಪುಸ್ತಕದ ಹಕ್ಕು ತಮ್ಮದೆಂದು ಬರಹದಲ್ಲಿ ಮಾಡಿಸಿಕೊಳ್ಳಬೇಕು. ಸಂಬಳಕ್ಕಿಲ್ಲದೆ ಹೊರಗಿನಿಂದ ಬರೆಯುವ ಹವ್ಯಾಸಿಗಳಿಗೆ ಹಕ್ಕು ತಾನಾಗಿಯೇ ಉಳಿಯುತ್ತದೆ, ಸಹಿ ಹಾಕಿ ಕೊಟ್ಟುಬಿಡದಿದ್ದರೆ.